ಶೇರು ಮಾರ್ಕೆಟ್ ಹುಟ್ಟಿದ್ದು ಹೇಗೆ? ಜಾಪತ್ರೆ, ಹಡಗು ಮತ್ತೆ 1602ರ ಆಮ್‌ಸ್ಟರ್‌ಡ್ಯಾಮ್

ಈಗ ಯಾರನ್ನ ಕೇಳಿದ್ರೂ ಒಂದು ಡಿಮ್ಯಾಟ್ ಅಕೌಂಟ್ (ಶೇರುಗಳನ್ನ ಕಂಪ್ಯೂಟರ್ ಲೆಕ್ಕದಲ್ಲಿ ಇಡೋ ಖಾತೆ) ಇರತ್ತೆ. ಐಪಿಓ, ಅಂದ್ರೆ ಕಂಪನಿ ಮೊದಲ ಸಲ ಜನಕ್ಕೆ ಶೇರು ಮಾರೋದು, ಬಂತು ಅಂದ್ರೆ ಸಾಕು, ಕಾಲೇಜ್ ಹುಡುಗರಿಂದ ಹಿಡಿದು ರಿಟೈರ್ ಆದ ಮೇಷ್ಟ್ರವರೆಗೂ "ಅಲಾಟ್ ಆಯ್ತಾ" ಅನ್ನೋದೇ ಮಾತು. ದೇಶದಲ್ಲಿ ಡಿಮ್ಯಾಟ್ ಅಕೌಂಟ್‌ಗಳ ಸಂಖ್ಯೆ 10 ಕೋಟಿ ದಾಟಿದ್ದೇ 2022ರಲ್ಲಿ, ಅಂದ್ರೆ ಹೆಚ್ಚಿನವರಿಗೆ ಇದು ಹೊಸ ವಿಷಯ. ಆ್ಯಪ್‌ನಲ್ಲಿ ಬಟನ್ ಒತ್ತೋದು ಎಲ್ರಿಗೂ ಬರತ್ತೆ, ಆದ್ರೆ ಒಂದು ಬೇಸಿಕ್ ಪ್ರಶ್ನೆ ಕೇಳಿದ್ರೆ ತುಂಬಾ ಜನ ತಡವರಿಸ್ತಾರೆ: ನಾವು ದುಡ್ಡು ಹಾಕಿದ್ದು ಕಂಪನಿಗೆ, ವಾಪಸ್ ಬೇಕು ಅಂದಾಗ ಕಂಪನಿ ಯಾಕೆ ಕೊಡಲ್ಲ, ಯಾರೋ ಗುರುತು ಪರಿಚಯ ಇಲ್ಲದವರಿಗೆ ಮಾರಿಯೇ ಯಾಕೆ ತಗೋಬೇಕು?

ಇದಕ್ಕೆ ಉತ್ತರ ಬೇಕಂದ್ರೆ ನಾನೂರು ವರ್ಷ ಹಿಂದೆ ಹೋಗ್ಬೇಕು, ಹಾಲೆಂಡ್‌ಗೆ. ಇವತ್ತು ನಾವು ಬಳಸೋ ಶೇರು, ಡಿವಿಡೆಂಡ್, ಫ್ಯೂಚರ್ಸ್, ಶಾರ್ಟ್ ಸೆಲ್ಲಿಂಗ್, ಅದರ ಮೇಲೆ ಸರ್ಕಾರದ ಕಡಿವಾಣ, ಇದೆಲ್ಲ ಒಂದೇ ಊರಲ್ಲಿ, ಒಂದೇ ಕಂಪನಿ ಸುತ್ತ, ಹತ್ತೇ ವರ್ಷದ ಒಳಗೆ ಶುರುವಾಯ್ತು ಅಂದ್ರೆ ನನಗೆ ಈಗ್ಲೂ ಆಶ್ಚರ್ಯ ಆಗತ್ತೆ. ಒಂದೊಂದಾಗಿ ನೋಡೋಣ.

ಮೊದಲು ಹಡಗಿನ ಲೆಕ್ಕ

16ನೇ ಶತಮಾನದಲ್ಲಿ ಕಾಳುಮೆಣಸು, ಲವಂಗ, ಜಾಕಾಯಿ, ಜಾಪತ್ರೆ ಇವನ್ನೆಲ್ಲ ಸಮುದ್ರ ದಾರಿಯಲ್ಲಿ ಯುರೋಪಿಗೆ ತರ್ತಾ ಇದ್ದದ್ದು ಪೋರ್ಚುಗೀಸರು. ದಾರಿ ಎಲ್ಲಿ, ಗಾಳಿ ಯಾವಾಗ ಯಾವ ಕಡೆ ಬೀಸತ್ತೆ, ಯಾವ ಬಂದರಲ್ಲಿ ಏನು ಸಿಗತ್ತೆ ಅನ್ನೋದನ್ನ ಅವರು ಗುಟ್ಟಾಗಿ ಇಟ್ಕೊಂಡಿದ್ರು. ಆ ಗುಟ್ಟು ರಟ್ಟು ಮಾಡಿದ್ದು ಯಾನ್ ಹೈಖೆನ್ ಫಾನ್ ಲಿನ್ಸ್‌ಕೋಟೆನ್ ಅನ್ನೋ ಡಚ್, ಅಂದ್ರೆ ಹಾಲೆಂಡಿನ ಹುಡುಗ. 1583ರಲ್ಲಿ ಗೋವಾಗೆ ಬಂದು ಅಲ್ಲಿನ ಆರ್ಚ್‌ಬಿಷಪ್ ಹತ್ರ ಕೆಲಸಕ್ಕೆ ಸೇರಿ, ಸುಮಾರು ಐದು ವರ್ಷ ಇದ್ದು, ಕಂಡಿದ್ದು ಕೇಳಿದ್ದು ಎಲ್ಲಾ ಬರ್ಕೊಂಡು ಊರಿಗೆ ಹೋಗಿ 1596ರಲ್ಲಿ ಪುಸ್ತಕ ಮಾಡಿಬಿಟ್ಟ. ಅದರಲ್ಲಿ ನಮ್ಮ ಹೊನ್ನಾವರದ ಮೆಣಸಿನ ವಿಷಯಾನೂ ಇದೆ.

ಅಷ್ಟರಲ್ಲಿ ಆಮ್‌ಸ್ಟರ್‌ಡ್ಯಾಮ್ ವ್ಯಾಪಾರಿಗಳು ತಾವೇ ಹೊರಟಾಗಿತ್ತು. 1595ರಲ್ಲಿ ಕಾರ್ನೆಲಿಸ್ ಡಿ ಹೌಟ್‌ಮನ್ ಜೊತೆ ನಾಲ್ಕು ಹಡಗು, ಸುಮಾರು 250 ಜನ ಹೋದ್ರು. ಎರಡು ವರ್ಷ ಬಿಟ್ಟು ಮೂರು ಹಡಗು ವಾಪಸ್ ಬಂತು, ಅದರಲ್ಲಿ ಜೀವಂತ ಇದ್ದೋರು 90ಕ್ಕಿಂತ ಕಮ್ಮಿ. ಲಾಭ ಅಂತ ಹೇಳ್ಕೊಳ್ಳೋ ಹಾಗೇನೂ ಇರಲಿಲ್ಲ, ಆದ್ರೆ ಹೋಗಿ ಬರಬಹುದು ಅನ್ನೋದು ಗೊತ್ತಾಯ್ತು. ಅದರ ಹಿಂದೆಯೇ ಯಾಕೋಬ್ ಫಾನ್ ನೆಕ್ ಅನ್ನೋನು 1598ರಲ್ಲಿ ಎಂಟು ಹಡಗು ತಗೊಂಡು ಹೊರಟ, ಮರುವರ್ಷಾನೇ ಅವುಗಳಲ್ಲಿ ನಾಲ್ಕು ಹಡಗು ಮಸಾಲೆ ತುಂಬ್ಕೊಂಡು ಬಂತು, ಆ ಯಾನದಲ್ಲಿ ಹಾಕಿದ ದುಡ್ಡಿಗೆ ನಾಲ್ಕು ಪಟ್ಟು ಲಾಭ ಅಂತ ಹೇಳ್ತಾರೆ. ಇನ್ನು ಕೇಳ್ಬೇಕಾ, ಊರೂರಿಗೂ ಕಂಪನಿ ಹುಟ್ಕೊಂಡ್ವು. 1595ರಿಂದ 1601ರ ಒಳಗೆ 65 ಹಡಗು ಏಷ್ಯಾ ಕಡೆ ಹೋದ್ವು.

ಈ ಕಂಪನಿಗಳು ಕೆಲಸ ಮಾಡ್ತಾ ಇದ್ದ ರೀತಿ ಇಲ್ಲಿ ಮುಖ್ಯ. ಹತ್ತಾರು ಜನ ದುಡ್ಡು ಹಾಕ್ತಾರೆ, ಹಡಗು ಹೋಗತ್ತೆ, ಬರತ್ತೆ, ಮಾಲು ಮಾರ್ತಾರೆ, ಬಂದ ದುಡ್ಡನ್ನ ಹಂಚ್ಕೊಂಡು ಲೆಕ್ಕ ಮುಗಿಸ್ತಾರೆ. ಅಲ್ಲಿಗೆ ಕಂಪನಿಯೂ ಮುಗೀತು. ಇನ್ನೊಂದು ಯಾನಕ್ಕೆ ಮತ್ತೆ ಹೊಸದಾಗಿ ದುಡ್ಡು ಎತ್ತಬೇಕು. ಹಾಕಿದವನಿಗೆ ಮೂರು ನಾಲ್ಕು ವರ್ಷದಲ್ಲಿ ದುಡ್ಡು ವಾಪಸ್ ಬರೋದು, ಇಲ್ಲಾ ಹಡಗು ಮುಳುಗಿ ಪೂರ್ತಿ ಹೋಗೋದು.

ಎಲ್ಲರನ್ನೂ ಸೇರಿಸಿ ಒಂದೇ ಕಂಪನಿ

ಇದರಲ್ಲಿ ಎರಡು ತೊಂದರೆ ಇತ್ತು. ಒಂದು, ಒಂದೇ ದೇಶದ ಕಂಪನಿಗಳು ಜಾವಾದ ಬಂದರಿನಲ್ಲಿ ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದು ಮೆಣಸಿನ ಬೆಲೆ ಏರಿಸ್ತಾ ಇದ್ರು, ಊರಿಗೆ ಬಂದು ಒಟ್ಟಿಗೇ ಮಾಲು ಸುರಿದು ಬೆಲೆ ಬೀಳಿಸ್ತಾ ಇದ್ರು. ಇನ್ನೊಂದು, ಡಚ್ಚರು ಆಗ ಸ್ಪೇನ್ ರಾಜನ ವಿರುದ್ಧ ಸ್ವಾತಂತ್ರ್ಯಕ್ಕೆ ಹೋರಾಡ್ತಾ ಇದ್ರು, 1580ರಿಂದ ಪೋರ್ಚುಗಲ್ ಕೂಡ ಅದೇ ರಾಜನ ಕೈಲಿತ್ತು. ಏಷ್ಯಾದಲ್ಲಿ ಪೋರ್ಚುಗೀಸರ ಕೋಟೆಗಳ ಎದುರು ನಿಲ್ಲಬೇಕಂದ್ರೆ ಚಿಲ್ಲರೆ ಕಂಪನಿಗಳಿಂದ ಆಗದ ಮಾತು.

ಯೋಹಾನ್ ಫಾನ್ ಓಲ್ಡನ್‌ಬಾರ್ನೆವೆಲ್ಟ್ ಅನ್ನೋ ಹಿರಿಯ ರಾಜಕಾರಣಿ ಹಟ ಹಿಡಿದು ಎಲ್ರನ್ನೂ ಒಂದೇ ಮೇಜಿನ ಸುತ್ತ ಕೂರಿಸಿದ. 1602ರ ಮಾರ್ಚ್ 20ಕ್ಕೆ ಡಚ್ ಸಂಸತ್ತು ಸನ್ನದು ಕೊಡ್ತು. ಯುನೈಟೆಡ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು ಹೀಗೆ, ಡಚ್ ಭಾಷೆಯ ಹೆಸರಿನ ಮೊದಲ ಅಕ್ಷರ ಸೇರಿಸಿ ಇದನ್ನ ವಿಒಸಿ ಅಂತಾರೆ. ಸನ್ನದು ಅಂದ್ರೆ ಸರ್ಕಾರ ಕೊಡೋ ಅಧಿಕಾರ ಪತ್ರ. ಆಫ್ರಿಕಾದ ಗುಡ್ ಹೋಪ್ ಭೂಶಿರದಿಂದ ಪೂರ್ವಕ್ಕೆ, ಇತ್ತ ದಕ್ಷಿಣ ಅಮೆರಿಕದ ಮೆಗೆಲ್ಲನ್ ಜಲಸಂಧಿ ದಾಟಿ, 21 ವರ್ಷ ಈ ಕಂಪನಿ ಬಿಟ್ಟು ಬೇರೆ ಯಾವ ಡಚ್ಚನೂ ವ್ಯಾಪಾರ ಮಾಡೋ ಹಾಗಿಲ್ಲ. ಅಷ್ಟೇ ಅಲ್ಲ, ಕೋಟೆ ಕಟ್ಟಬಹುದು, ಸೈನಿಕರನ್ನ ಇಟ್ಕೋಬಹುದು, ಅಲ್ಲಿನ ರಾಜರ ಜೊತೆ ಒಪ್ಪಂದ ಮಾಡ್ಕೋಬಹುದು. ಒಂದು ವ್ಯಾಪಾರಿ ಕಂಪನಿಗೆ ಇಷ್ಟೆಲ್ಲಾ ಅಧಿಕಾರ ಯಾಕೆ ಅನ್ನಿಸತ್ತಲ್ಲ, ಅದರ ಫಲ ಏನಾಯ್ತು ಅನ್ನೋದು ಮುಂದೆ ಬರತ್ತೆ.

ಆರು ಊರುಗಳಲ್ಲಿ ಆರು ಶಾಖೆ, ಎಲ್ಲದರ ಮೇಲೆ 17 ಜನರ ಆಡಳಿತ ಮಂಡಳಿ. ಆಮ್‌ಸ್ಟರ್‌ಡ್ಯಾಮ್‌ಗೆ ಎಂಟು ಸೀಟು, ಒಂಬತ್ತು ಕೊಟ್ಟಿದ್ರೆ ಬಹುಮತ ಅವರದ್ದೇ ಆಗ್ತಿತ್ತು ಅಂತ ಬೇರೆ ಊರವರು ಒಪ್ಪಲಿಲ್ಲ.

ಆಗಸ್ಟ್ ತಿಂಗಳು, ಒಂದು ಮನೆ, ಒಂದು ಪುಸ್ತಕ

ಈಗ ದುಡ್ಡು ಎತ್ತಬೇಕು. ಸನ್ನದಿನಲ್ಲಿ ಒಂದು ಮಾತು ಇತ್ತು, ಈ ದೇಶದ ಯಾವ ನಿವಾಸಿ ಬೇಕಾದ್ರೂ ದುಡ್ಡು ಹಾಕಬಹುದು, ಇಷ್ಟೇ ಹಾಕಬೇಕು ಅಂತ ಇಲ್ಲ. ಆಮ್‌ಸ್ಟರ್‌ಡ್ಯಾಮ್ ಶಾಖೆಗೆ ಹೆಸರು ಬರೆಸೋ ಪುಸ್ತಕ ಇಟ್ಟಿದ್ದು ಡಿರ್ಕ್ ಫಾನ್ ಓಸ್ ಅನ್ನೋ ನಿರ್ದೇಶಕನ ಮನೇಲಿ. ಬಂದೋರು ಹೆಸರು, ಮೊತ್ತ ಹೇಳಿ ಬರೆಸಿ ಹೋಗೋದು, ದುಡ್ಡು ಆಮೇಲೆ ಕಂತಲ್ಲಿ ಕಟ್ಟೋದು. ನಮ್ಮ ಐಪಿಓ ಅಪ್ಲಿಕೇಶನ್ನಿನ ಮೂಲ ರೂಪ ಇದೇ.

ಆಗಸ್ಟ್ 31 ಕೊನೇ ದಿನ. ಅಷ್ಟೊತ್ತಿಗೆ ಆಮ್‌ಸ್ಟರ್‌ಡ್ಯಾಮ್ ಪುಸ್ತಕ ಒಂದರಲ್ಲೇ 1,143 ಹೆಸರು, ಒಟ್ಟು ಸುಮಾರು 36.7 ಲಕ್ಷ ಗಿಲ್ಡರ್ (ಆಗಿನ ಡಚ್ ನಾಣ್ಯ). ಆರೂ ಶಾಖೆ ಸೇರಿ 64 ಲಕ್ಷ ಗಿಲ್ಡರ್ ಮೇಲೆ. ಎರಡು ವರ್ಷ ಮುಂಚೆ, 1600ರ ಡಿಸೆಂಬರ್ 31ಕ್ಕೆ ಹುಟ್ಟಿದ್ದ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ಎತ್ತಿದ್ದಕ್ಕೆ ಹೋಲಿಸಿದ್ರೆ ಇದು ಸುಮಾರು ಹತ್ತು ಪಟ್ಟು.

ದೊಡ್ಡ ಕುಳಗಳು ಹಾಕಿದ್ದು ಸಾವಿರಗಟ್ಟಲೆ, ಇಸಾಕ್ ಲೆ ಮೇರ್ ಅನ್ನೋ ವ್ಯಾಪಾರಿ ಒಬ್ಬನೇ 85,000 ಗಿಲ್ಡರ್ ಬರೆಸಿದ, ಈ ಹೆಸರು ನೆನಪಿಟ್ಕೊಳ್ಳಿ. ಆದ್ರೆ ನನಗೆ ತುಂಬಾ ಇಷ್ಟ ಆಗೋದು ಆ ಪುಸ್ತಕದ ಕೊನೇ ಭಾಗ. ಅಲ್ಲಿ ನೇಲ್ಟ್ಖೆನ್ ಕಾರ್ನೆಲಿಸ್ ಅಂತ ಒಂದು ಹೆಸರಿದೆ. ಅವಳು ಆ ಮನೆಯ ಕೆಲಸದವಳು. ಇಡೀ ತಿಂಗಳು ಊರಿನ ಸಾಹುಕಾರರೆಲ್ಲ ಬಂದು ಬರೆಸಿ ಹೋಗೋದನ್ನ ನೋಡಿದ್ದಳು, ಕೊನೇ ಹೊತ್ತಲ್ಲಿ ತಾನೂ 100 ಗಿಲ್ಡರ್ ಬರೆಸಿದಳು. ಅವಳ ದಿನಗೂಲಿ ಅರ್ಧ ಗಿಲ್ಡರೂ ಇರಲಿಲ್ಲ ಅಂದ್ರೆ ಅದು ಎಷ್ಟು ದಿನದ ದುಡಿಮೆ ಅಂತ ನೀವೇ ಲೆಕ್ಕ ಹಾಕಿ. ಲೆಕ್ಕಿಗ ಬಾರೆಂಟ್ ಲಾಂಪೆ ಅವಳ ಹೆಸರನ್ನೂ ಸಾಹುಕಾರರ ಹೆಸರಿನ ಜೊತೆಗೇ ಬರೆದ. ಸಣ್ಣ ಇನ್ವೆಸ್ಟರ್ ಅನ್ನೋರು ಈಗ ಹುಟ್ಟಿದ ಜಾತಿ ಅಲ್ಲ.

ದುಡ್ಡು ವಾಪಸ್ ಇಲ್ಲ, ಜಾಗ ಮಾರಬಹುದು

ಇಲ್ಲಿದೆ ನೋಡಿ ಅಸಲಿ ವಿಷಯ. ಕೋಟೆ ಕಟ್ಟೋದು, ಹಡಗಿನ ಪಡೆ ಇಡೋದು ಇದೆಲ್ಲ ಒಂದು ಯಾನದಲ್ಲಿ ಮುಗಿಯೋ ಕೆಲಸ ಅಲ್ಲ. ಹಾಗಾಗಿ ವಿಒಸಿ ಹೇಳಿದ್ದು, ದುಡ್ಡು ಹತ್ತು ವರ್ಷ ನಮ್ಮ ಹತ್ರಾನೇ ಇರತ್ತೆ, 1612ಕ್ಕೆ ಲೆಕ್ಕ ಕೊಡ್ತೀವಿ, ಆಗ ಬೇಕಾದೋರು ತಗೊಂಡು ಹೋಗಿ. ಹತ್ತು ವರ್ಷ! ಆ ಕಾಲದಲ್ಲಿ ಪ್ಲೇಗು, ಯುದ್ಧ, ಯಾರು ಎಷ್ಟು ದಿನ ಇರ್ತಾರೋ ಗೊತ್ತಿಲ್ಲ. ಅಷ್ಟು ದಿನ ದುಡ್ಡು ಕಟ್ಟಿಹಾಕೋಕೆ ಯಾರು ತಯಾರಿರ್ತಾರೆ? ಅದಕ್ಕೇ ಪುಸ್ತಕದ ಮೊದಲ ಪುಟದಲ್ಲೇ ಒಂದು ಸಾಲು ಹಾಕಿದ್ರು, ಈ ಶಾಖೆಯ ಲೆಕ್ಕಿಗನ ಮೂಲಕ ನಿಮ್ಮ ಪಾಲನ್ನ ಇನ್ನೊಬ್ಬರಿಗೆ ವರ್ಗಾಯಿಸಬಹುದು ಅಂತ.

ಚೀಟಿ ಹಾಕಿದೋರಿಗೆ ಇದು ತಟ್ಟನೆ ಅರ್ಥ ಆಗತ್ತೆ. ಇಪ್ಪತ್ತು ತಿಂಗಳ ಚೀಟೀಲಿ ಎಂಟು ತಿಂಗಳು ಕಟ್ಟಿದ್ದೀರ, ಇನ್ನೂ ಎತ್ತಿಲ್ಲ, ಏನೋ ಕಷ್ಟ ಬಂತು. ಚೀಟಿ ನಡೆಸೋರು ಮಧ್ಯದಲ್ಲಿ ದುಡ್ಡು ವಾಪಸ್ ಕೊಡಲ್ಲ, ಕೊಟ್ರೆ ಇಡೀ ಚೀಟಿ ಬಿದ್ದು ಹೋಗತ್ತೆ. ಆದ್ರೆ ಪರಿಚಯದವರೊಬ್ಬರು ನೀವು ಕಟ್ಟಿದ ದುಡ್ಡು ನಿಮ್ಮ ಕೈಗೆ ಕೊಟ್ಟು ನಿಮ್ಮ ಜಾಗಕ್ಕೆ ಬರ್ತಾರೆ, ಚೀಟಿ ನಡೆಸೋರು ಪುಸ್ತಕದಲ್ಲಿ ಹೆಸರು ಬದಲಾಯಿಸ್ತಾರೆ. ಚೀಟಿಗೆ ಒಂದು ರೂಪಾಯಿ ವ್ಯತ್ಯಾಸ ಆಗಲಿಲ್ಲ, ನಿಮ್ಮ ಕೈಗೆ ದುಡ್ಡು ಬಂತು. ವಿಒಸಿ ಶೇರೂ ಇದೇ, ವ್ಯತ್ಯಾಸ ಏನಂದ್ರೆ ಇಲ್ಲಿ ಕಟ್ಟಿದಷ್ಟೇ ಸಿಗಬೇಕು ಅಂತಿಲ್ಲ. ಹಡಗು ತುಂಬಿ ಬರ್ತಿದೆ ಅಂತ ಸುದ್ದಿ ಇದ್ರೆ ಜಾಸ್ತಿ ಕೊಟ್ಟು ತಗೊಳ್ಳೋರು ಇರ್ತಾರೆ, ಕೆಟ್ಟ ಸುದ್ದಿ ಬಂದ್ರೆ ಕಮ್ಮಿಗೆ ಬಿಟ್ಟುಕೊಡಬೇಕು. ಶೇರಿನ ಬೆಲೆ ದಿನಾ ಏರೋದು ಇಳಿಯೋದು ಯಾಕೆ ಅನ್ನೋದಕ್ಕೂ ಇದೇ ಉತ್ತರ.

ವರ್ಗಾವಣೆ ಹೀಗೆ ನಡೀತಿತ್ತು: ಮಾರೋನು ಕೊಳ್ಳೋನು ಇಬ್ಬರೂ ಕಂಪನಿ ಆಫೀಸಿಗೆ ಹೋಗ್ಬೇಕು, ಲೆಕ್ಕಿಗ ಮಾರೋನ ಖಾತೆ ತೆಗೆದು ಅವನ ಹೆಸರಲ್ಲಿ ಅಷ್ಟು ಪಾಲು ಇದೆಯಾ ಅಂತ ನೋಡ್ತಾನೆ, ಆ ಖಾತೆಯಿಂದ ಕಳೆದು ಈ ಖಾತೆಗೆ ಸೇರಿಸ್ತಾನೆ, ಇಬ್ಬರು ನಿರ್ದೇಶಕರ ಒಪ್ಪಿಗೆ ಬೇಕು, ಸಣ್ಣದೊಂದು ಫೀಸು. ಕೈಗೆ ಶೇರು ಪತ್ರ ಅಂತ ಏನೂ ಕೊಡ್ತಿರಲಿಲ್ಲ. ಶೇರು ಅಂದ್ರೆ ಪುಸ್ತಕದಲ್ಲಿರೋ ಒಂದು ಎಂಟ್ರಿ, ಅಷ್ಟೇ. ಅಂದ್ರೆ ನಮ್ಮ ಡಿಮ್ಯಾಟ್ ಇದ್ದ ಹಾಗೇ, ಕಂಪ್ಯೂಟರ್ ಬದಲು ದಪ್ಪ ಲೆಡ್ಜರ್. ಮಧ್ಯದ ಕಾಲದಲ್ಲಿ ಬಂದ ಕಾಗದದ ಸರ್ಟಿಫಿಕೇಟ್ ಕಾಲ ಮುಗಿದು ನಾವು ಮತ್ತೆ ಖಾತೆ ಪದ್ಧತಿಗೇ ಬಂದಿದ್ದೀವಿ.

ಹಾಗಾದ್ರೆ ಜಗತ್ತಿನ ಅತೀ ಹಳೇ ಶೇರು ಪತ್ರ ಅಂತ ಒಂದನ್ನ ತೋರಿಸ್ತಾರಲ್ಲ ಅಂದ್ರೆ, ಅದು ನಿಜಕ್ಕೂ ದುಡ್ಡು ಕಟ್ಟಿದ್ದಕ್ಕೆ ಕೊಟ್ಟ ರಸೀದಿ. 1606ರ ಸೆಪ್ಟೆಂಬರ್ 9ರದ್ದು, ಎಂಕ್‌ಹೌಸೆನ್ ಅನ್ನೋ ಊರಿನ ಪೀಟರ್ ಹಾರ್ಮೆನ್ಸ್‌ಗೆ 150 ಗಿಲ್ಡರ್ ಪಾಲಿಗೆ ಕೊಟ್ಟಿದ್ದು. ಅವನೂ ಸಾಹುಕಾರ ಅಲ್ಲ, ಊರಿನ ಮೇಯರ್‌ಗಳ ಹತ್ರ ಜವಾನ. 2010ರಲ್ಲಿ ಹಾಲೆಂಡಿನ ಹೋರ್ನ್ ಊರಿನ ದಾಖಲೆ ಸಂಗ್ರಹದಲ್ಲಿ ಒಬ್ಬ ಹಿಸ್ಟರಿ ವಿದ್ಯಾರ್ಥಿ ಕೈಗೆ ಇದು ಸಿಕ್ತು.

ಡಿವಿಡೆಂಡ್ ಅಂತ ಜಾಪತ್ರೆ

ಡಿವಿಡೆಂಡ್ ಅಂದ್ರೆ ಕಂಪನಿ ಲಾಭದಲ್ಲಿ ಶೇರುದಾರರಿಗೆ ಹಂಚೋ ಪಾಲು. ವಿಒಸಿ ಶುರುವಾಗಿ ಏಳೆಂಟು ವರ್ಷ ಒಂದು ಕಾಸೂ ಕೊಡಲಿಲ್ಲ, ದುಡ್ಡೆಲ್ಲ ಹಡಗು, ತೋಪು, ಕೋಟೆಗೆ ಹೋಗ್ತಿತ್ತು. ಜನ ಗೊಣಗೋಕೆ ಶುರು ಮಾಡಿದ್ರು. 1610ರಲ್ಲಿ ಕೊನೆಗೂ ಡಿವಿಡೆಂಡ್ ಬಂತು, ಹಾಕಿದ ದುಡ್ಡಿಗೆ ಶೇಕಡ 75, ಆದ್ರೆ ನಗದಲ್ಲಿ ಅಲ್ಲ, ಜಾಪತ್ರೆಯಲ್ಲಿ! ಗೋಡೌನಲ್ಲಿ ಜಾಪತ್ರೆ ರಾಶಿ ಬಿದ್ದಿತ್ತು, ಕಂಪನಿ ತಾನೇ ಒಂದು ರೇಟ್ ಕಟ್ಟಿ ತಗೊಳ್ಳಿ ಅಂತು. ಜಾಪತ್ರೆ ಅಂದ್ರೆ ಜಾಕಾಯಿ ಮೇಲಿನ ಕೆಂಪು ಪೊರೆ, ಪಲಾವ್‌ಗೆ ಚೂರೇ ಚೂರು ಹಾಕ್ತೀವಲ್ಲ, ಅದು. ಮಸಾಲೆ ವ್ಯಾಪಾರಿಗಳು ಹೇಗೋ ಮಾರ್ಕೊಂಡಾರು, ಉಳಿದೋರು ಅಷ್ಟು ಜಾಪತ್ರೆ ಇಟ್ಕೊಂಡು ಏನು ಮಾಡೋದು? ಎಲ್ರೂ ಒಟ್ಟಿಗೆ ಮಾರೋಕೆ ಹೋದ್ರೆ ಬೆಲೆ ಬೀಳತ್ತೆ. ಎಷ್ಟೋ ಜನ ಬೇಡ ಅಂತ ನಗದಿಗೇ ಕಾದ್ರು. ಅದೇ ವರ್ಷ ಕೊನೇಲಿ ಮೆಣಸಿನ ರೂಪದಲ್ಲಿ ಇನ್ನೊಂದು ಡಿವಿಡೆಂಡ್, ಜೊತೆಗೆ ಸ್ವಲ್ಪ ನಗದು.

ಇದಾಗಿ ಎರಡು ವರ್ಷಕ್ಕೆ 1612 ಬಂತು, ಲೆಕ್ಕ ಕೊಡೋ ವರ್ಷ. ಕಂಪನಿ ಕೊಡಲಿಲ್ಲ. ಸರ್ಕಾರವೂ ಆ ಷರತ್ತಿನಿಂದ ವಿನಾಯಿತಿ ಕೊಡ್ತು, ಯಾಕಂದ್ರೆ ದುಡ್ಡು ವಾಪಸ್ ಕೊಟ್ರೆ ಏಷ್ಯಾದಲ್ಲಿ ಯುದ್ಧ ನಡೆಸೋರು ಯಾರು? ಹಾಗಾಗಿ ಹತ್ತು ವರ್ಷಕ್ಕೆ ಅಂತ ಇದ್ದ ದುಡ್ಡು ಶಾಶ್ವತವಾಗಿ ಕಂಪನಿಯದ್ದೇ ಆಯ್ತು, ಹೊರಗೆ ಬರೋಕೆ ಉಳಿದಿದ್ದು ಮಾರೋದೊಂದೇ ದಾರಿ. ನೀವು ಶೇರನ್ನ ಕಂಪನಿಗೆ ವಾಪಸ್ ಕೊಡೋಕೆ ಆಗಲ್ಲ ಅನ್ನೋ ನಿಯಮ ಬೇರೂರಿದ್ದು ಇಲ್ಲಿ. ಇದು ಶೇರುದಾರರಿಗೆ ಕೊಟ್ಟ ಮಾತು ಮುರಿದ ಹಾಗೇ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಒಂದು ಕಂಪನಿ ಅದನ್ನ ಶುರು ಮಾಡಿದ ಜನ ಸತ್ತ ಮೇಲೂ ಬದುಕೋಕೆ ಸಾಧ್ಯ ಆಗಿದ್ದೂ ಇದರಿಂದಲೇ. ಇಂಗ್ಲಿಷ್ ಕಂಪನಿಗೆ ಇಂಥ ಕಾಯಂ ಬಂಡವಾಳ ಬರೋಕೆ 1657 ಆಗ್ಬೇಕಾಯ್ತು.

ಇಸಾಕ್ ಲೆ ಮೇರ್: ಬೆಲೆ ಬೀಳಿಸಿ ಲಾಭ ಮಾಡೋಕೆ ಹೊರಟವನು

ಆಗಲೇ ಹೇಳಿದ 85,000 ಗಿಲ್ಡರಿನ ಲೆ ಮೇರ್ ಕಂಪನಿ ನಿರ್ದೇಶಕನೂ ಆಗಿದ್ದ, ಆದ್ರೆ ಜಗಳ ಆಗಿ 1605ರಲ್ಲಿ ಹೊರಗೆ ಬಂದ. ಮನಸ್ಸಲ್ಲಿ ಸೇಡು ಇತ್ತು. 1609ರಲ್ಲಿ ಕೆಲವು ಜನರನ್ನ ಸೇರಿಸ್ಕೊಂಡು ಗುಟ್ಟಾಗಿ ಒಂದು ಕೂಟ ಕಟ್ಟಿದ. ಅವರು ಮಾಡಿದ್ದೇ ಈಗ ನಾವು ಶಾರ್ಟ್ ಸೆಲ್ಲಿಂಗ್ ಅನ್ನೋದು.

ಇದನ್ನ ನಿಧಾನವಾಗಿ ಅರ್ಥ ಮಾಡ್ಕೊಳ್ಳಿ. ನನ್ನ ಹತ್ರ ಶೇರೇ ಇಲ್ಲ. ಆದ್ರೂ ನಿಮಗೆ, "ಒಂದು ವರ್ಷ ಬಿಟ್ಟು ನಿಮಗೆ ಶೇರು ಕೊಡ್ತೀನಿ, ರೇಟು ಈಗಲೇ 200 ಅಂತ ಮಾತಾಡ್ಕೊಳ್ಳೋಣ" ಅಂತೀನಿ. ಹೀಗೆ ಮುಂದಿನ ದಿನಕ್ಕೆ ಈಗಲೇ ಬೆಲೆ ಕಟ್ಟೋ ಒಪ್ಪಂದಕ್ಕೆ ಫಾರ್ವರ್ಡ್ ಅಂತ ಹೆಸರು, ಇವತ್ತಿನ ಫ್ಯೂಚರ್ಸ್ ಇದರದ್ದೇ ಮುಂದಿನ ರೂಪ. ವರ್ಷ ಆಗೋ ಹೊತ್ತಿಗೆ ಮಾರ್ಕೆಟಲ್ಲಿ ಬೆಲೆ 150ಕ್ಕೆ ಬಿದ್ರೆ, 150ಕ್ಕೆ ತಗೊಂಡು ನಿಮಗೆ 200ಕ್ಕೆ ಕೊಡ್ತೀನಿ, ನನಗೆ 50 ಲಾಭ. 250ಕ್ಕೆ ಏರಿದ್ರೆ ನಾನು ಮುಳುಗಿದೆ. ಅಂದ್ರೆ ಬೆಲೆ ಬೀಳೋದರಲ್ಲೇ ನನ್ನ ಹಿತ ಇದೆ. ಲೆ ಮೇರ್ ಕೂಟದವರು ಹೀಗೆ ಮಾರಿದ್ದೂ ಅಲ್ಲದೆ ಕಂಪನಿ ಬಗ್ಗೆ ಕೆಟ್ಟ ಸುದ್ದಿ ಹಬ್ಬಿಸಿದ್ರು, ಹಡಗು ಮುಳುಗಿದೆ, ಲಾಭ ಇಲ್ಲ ಅಂತ. ಬೆಲೆ ಬಿತ್ತು.

ನಿರ್ದೇಶಕರು ಸರ್ಕಾರದ ಹತ್ರ ಓಡಿದ್ರು, ವಿಧವೆಯರು ಅನಾಥರು ಹಾಕಿದ ದುಡ್ಡು ಹಾಳಾಗ್ತಿದೆ ಅಂತ ವಾದ. 1610ರ ಫೆಬ್ರವರಿ 27ಕ್ಕೆ ಆಜ್ಞೆ ಬಂತು: ಕೈಯಲ್ಲಿ ಇಲ್ಲದ ಶೇರು ಮಾರೋ ಹಾಗಿಲ್ಲ, ಮಾರಿದ ಶೇರು ಒಂದು ತಿಂಗಳ ಒಳಗೆ ಪುಸ್ತಕದಲ್ಲಿ ವರ್ಗ ಆಗ್ಬೇಕು. ಇವತ್ತಿನ ನಿಯಮ ನೋಡಿ, ನಮ್ಮ ಶೇರು ಮಾರ್ಕೆಟ್ ಮೇಲೆ ಕಣ್ಣಿಡೋ ಸಂಸ್ಥೆ ಸೆಬಿ ಕೂಡ ಶೇರು ಇಲ್ಲದೆ, ಸಾಲ ತಗೊಂಡೂ ಡೆಲಿವರಿ ಕೊಡದೆ ಇರೋ ನೇಕೆಡ್ ಶಾರ್ಟ್ ಸೆಲ್ಲಿಂಗನ್ನ ಬಿಡಲ್ಲ, ವರ್ಗಾವಣೆ ಮಾತ್ರ ತಿಂಗಳ ಬದಲು ಈಗ ಮಾರನೇ ವ್ಯವಹಾರದ ದಿನಕ್ಕೇ ಮುಗಿಯತ್ತೆ.

ಲೆ ಮೇರ್ ಕೂಟದಲ್ಲಿ ಹಲವರು ದಿವಾಳಿ ಆದ್ರು. ಅವನು ಆಮ್‌ಸ್ಟರ್‌ಡ್ಯಾಮ್ ಬಿಟ್ಟು ಎಗ್ಮೊಂಡ್ ಅನ್ನೋ ಕಡೆ ಹೋಗಿ ಇದ್ದ, ಆದ್ರೆ ಸುಮ್ನೆ ಕೂರಲಿಲ್ಲ. ಸನ್ನದಿನಲ್ಲಿ ಇದ್ದದ್ದು ಗುಡ್ ಹೋಪ್ ಮತ್ತೆ ಮೆಗೆಲ್ಲನ್ ದಾರಿ ತಾನೇ, ಮೂರನೇ ದಾರಿ ಹುಡುಕಿದ್ರೆ? ಅವನ ಮಗ ಯಾಕೋಬ್, ವಿಲ್ಲೆಮ್ ಸ್ಕೌಟೆನ್ ಅನ್ನೋ ನಾವಿಕನ ಜೊತೆ ಹೋಗಿ 1616ರಲ್ಲಿ ದಕ್ಷಿಣ ಅಮೆರಿಕದ ತುತ್ತತುದಿ ಕೇಪ್ ಹಾರ್ನ್ ಸುತ್ತಿ ಹೊಸ ದಾರಿ ಕಂಡುಹಿಡಿದ. ಜಾವಾ ಮುಟ್ಟಿದಾಗ ವಿಒಸಿಯವರು ನಂಬಲಿಲ್ಲ, ಹಡಗು ಜಪ್ತಿ ಮಾಡಿದ್ರು, ಮಗ ಊರಿಗೆ ಬರೋ ದಾರೀಲೇ ತೀರಿಕೊಂಡ. 1624ರಲ್ಲಿ ಸತ್ತ ಲೆ ಮೇರ್‌ನ ಸಮಾಧಿ ಕಲ್ಲಿನ ಮೇಲೆ, ಮೂವತ್ತು ವರ್ಷದಲ್ಲಿ 15 ಲಕ್ಷ ಗಿಲ್ಡರ್ ಮೇಲೆ ಕಳಕೊಂಡ, ಮರ್ಯಾದೆ ಉಳಿಸ್ಕೊಂಡ ಅಂತ ಕೆತ್ತಿಸಿದ್ದಾರೆ.

ಸೇತುವೆ ಮೇಲಿಂದ ಬೋರ್ಸ್‌ಗೆ

ಮೊದಮೊದಲು ಶೇರು ವ್ಯಾಪಾರ ನಡೀತಿದ್ದದ್ದು ಬಂದರಿನ ಹತ್ರ ಒಂದು ಸೇತುವೆ ಮೇಲೆ, ಮಳೆ ಬಂದ್ರೆ ಚರ್ಚ್ ಒಳಗೆ. 1611ರಲ್ಲಿ ಹೆಂಡ್ರಿಕ್ ಡಿ ಕೀಸರ್ ಕಟ್ಟಿದ ಬೋರ್ಸ್, ಅಂದ್ರೆ ವಿನಿಮಯ ಕೇಂದ್ರ ಶುರುವಾಯ್ತು. ಧಾನ್ಯ, ಬಟ್ಟೆ, ಮಸಾಲೆ ಎಲ್ಲದರ ಜೊತೆ ಶೇರಿಗೂ ಒಂದು ಜಾಗ. 1688ರಲ್ಲಿ ಜೋಸೆಫ್ ಡಿ ಲಾ ವೇಗಾ ಈ ಮಾರ್ಕೆಟ್ ಬಗ್ಗೆ ಪುಸ್ತಕ ಬರೆಯೋ ಹೊತ್ತಿಗೆ ಒಬ್ಬ ಕೈ ಚಾಚೋದು, ಇನ್ನೊಬ್ಬ ಹಿಡಿಯೋದು, ಎರಡನೇ ಸಲ ಕೈ ಹಿಡಿದ್ರೆ ವ್ಯವಹಾರ ಖಾಯಂ, ಹೀಗೆಲ್ಲ ಪದ್ಧತಿ ಬೆಳೆದಿತ್ತು. ನಮ್ಮ ಬಾಂಬೆಯ ದಲ್ಲಾಳಿಗಳು ಸಂಘ ಕಟ್ಟಿದ್ದು 1875ರಲ್ಲಿ.

ಆ ಲಾಭ ಬಂದಿದ್ದು ಎಲ್ಲಿಂದ

ಇಷ್ಟು ಹೇಳಿ ನಿಲ್ಲಿಸಿದ್ರೆ ಅರ್ಧ ಕಥೆ ಹೇಳಿದ ಹಾಗೆ. ಆಗಿನ ಕಾಲಕ್ಕೆ ಜಾಕಾಯಿ, ಜಾಪತ್ರೆ ಬೆಳೀತಿದ್ದದ್ದು ಇಂಡೋನೇಷ್ಯಾದ ಬಾಂಡಾ ಅನ್ನೋ ಪುಟ್ಟ ದ್ವೀಪಗಳಲ್ಲಿ ಮಾತ್ರ. ಬಾಂಡಾದವರು ತಮಗೆ ಒಳ್ಳೇ ಬೆಲೆ ಕೊಟ್ಟೋರಿಗೆ ಮಾರ್ತಿದ್ರು, ಇಂಗ್ಲಿಷರಿಗೂ, ಜಾವಾದವರಿಗೂ. ವಿಒಸಿಗೆ ಪೂರ್ತಿ ತನಗೇ ಬೇಕಿತ್ತು. 1621ರಲ್ಲಿ ಗವರ್ನರ್ ಜನರಲ್ ಯಾನ್ ಪೀಟರ್‌ಸೂನ್ ಕೂನ್ ಪಡೆ ತಗೊಂಡು ಹೋದ. ಊರಿನ ನಲವತ್ತಕ್ಕೂ ಹೆಚ್ಚು ಮುಖಂಡರನ್ನ ಕಡಿಸಿದ. ಸುಮಾರು 15,000 ಜನ ಇದ್ರು ಅನ್ನೋ ಅಂದಾಜಿರೋ ದ್ವೀಪಗಳಲ್ಲಿ ಉಳಿದಿದ್ದು ಸಾವಿರದಷ್ಟು. ಕೆಲವರು ಕತ್ತಿಗೆ, ಕೆಲವರು ಹಸಿವಿಗೆ, ಕೆಲವರನ್ನ ಗುಲಾಮರಾಗಿ ಹಿಡ್ಕೊಂಡು ಹೋದ್ರು, ಕೆಲವರು ದೋಣಿ ಹತ್ತಿ ಓಡಿಹೋದ್ರು. ಆಮೇಲೆ ಭೂಮಿಯನ್ನ ತೋಟಗಳಾಗಿ ಭಾಗ ಮಾಡಿ ಬೇರೆ ಕಡೆಯಿಂದ ಗುಲಾಮರನ್ನ ತಂದು ದುಡಿಸಿದ್ರು. ಆಮ್‌ಸ್ಟರ್‌ಡ್ಯಾಮಿನಲ್ಲಿ ಶೇರು ಇಟ್ಕೊಂಡಿದ್ದವನಿಗೆ ಇದ್ಯಾವುದೂ ಕಣ್ಣಿಗೆ ಬೀಳಲಿಲ್ಲ, ಅವನಿಗೆ ಕಂಡಿದ್ದು ಪುಸ್ತಕದ ಒಂದು ಎಂಟ್ರಿ ಮತ್ತೆ ಡಿವಿಡೆಂಡ್. ದುಡ್ಡು ಹಾಕೋನು ಒಂದು ಕಡೆ, ಕೆಲಸ ನಡೆಯೋದು ಇನ್ನೊಂದು ಕಡೆ ಅನ್ನೋ ದೂರವೂ ಈ ವ್ಯವಸ್ಥೆಯ ಜೊತೆಗೇ ಹುಟ್ತು, ಇದನ್ನ ಬಿಟ್ಟು ಶೇರು ಮಾರ್ಕೆಟ್ ಚರಿತ್ರೆ ಹೇಳೋದು ನನಗೆ ಸರಿ ಕಾಣಲ್ಲ.

ನಮ್ಮ ಕಡೆಗೂ ಅವರು ಬಂದ್ರು. ಕೆಳದಿ ಅರಸರ ಕಾಲದಲ್ಲಿ ಬಸ್ರೂರಲ್ಲಿ ಅಕ್ಕಿ, ಮೆಣಸು ಕೊಳ್ಳೋಕೆ ಡಚ್ಚರ ಕೋಠಿ, ಅಂದ್ರೆ ವ್ಯಾಪಾರದ ಮಳಿಗೆ ಇತ್ತು. 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿ ಕಿತ್ಕೊಂಡ್ರು, 1741ರಲ್ಲಿ ಕುಳಚ್ಚಲ್‌ನಲ್ಲಿ ತಿರುವಾಂಕೂರಿನ ಮಾರ್ತಾಂಡ ವರ್ಮನ ಕೈಲಿ ಸೋತ್ರು.

ಸುಮಾರು 200 ವರ್ಷದಲ್ಲಿ ಈ ಕಂಪನಿ ಹಡಗುಗಳಲ್ಲಿ ಹತ್ತಿರತ್ತಿರ ಹತ್ತು ಲಕ್ಷ ಜನ ಯುರೋಪಿನಿಂದ ಏಷ್ಯಾಗೆ ಹೋದ್ರು. ಆದ್ರೆ 1602ರಲ್ಲಿ ಎತ್ತಿದ ಆ 64 ಲಕ್ಷದ ಮೇಲೆ ಹೊಸ ಶೇರು ಬಿಡಲೇ ಇಲ್ಲ, ದುಡ್ಡು ಬೇಕಾದಾಗೆಲ್ಲ ಸಾಲ ಮಾಡಿದ್ರು. 1780ರಿಂದ 1784ರವರೆಗೆ ಇಂಗ್ಲಿಷರ ಜೊತೆ ನಡೆದ ಯುದ್ಧದಲ್ಲಿ ಹಡಗುಗಳು ಹೋದ್ವು, ಸಾಲ ಕತ್ತಿನವರೆಗೆ ಬಂತು. 1796ರಲ್ಲಿ ಸರ್ಕಾರ ಕಂಪನಿಯನ್ನ ವಶಕ್ಕೆ ತಗೊಳ್ತು, 1799ರ ಡಿಸೆಂಬರ್ 31ಕ್ಕೆ ಸನ್ನದು ಮುಗೀತು, ಸಾಲವೂ ದ್ವೀಪಗಳೂ ಡಚ್ ಸರ್ಕಾರದ ಪಾಲಿಗೆ ಬಂದ್ವು. ಆ ದ್ವೀಪಗಳ ಜನ ಸ್ವಾತಂತ್ರ್ಯ ಘೋಷಿಸಿ ಇಂಡೋನೇಷ್ಯಾ ಆಗಿದ್ದು 1945ರಲ್ಲಿ.